ಕಸ್ಟಮ್ಸ್ ಷೋಕಾಸ್ ನೋಟಿಸ್ ಸಮಸ್ಯೆ: ಉತ್ತರ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ (ಎಲ್‌ಎಲ್‌ಬಿ ಕೊನೇ ವರ್ಷ):
ಸರ್, ಮೇಡಂ, ಸಹಜ ನ್ಯಾಯ (ಪಕ್ಷಪಾತವಿಲ್ಲದೆ, ಅಹವಾಲು ಕೇಳಿಯೇ ತೀರ್ಮಾನಿಸಬೇಕೆಂಬ ತತ್ವ), ವಿವೇಚನಾಧಿಕಾರ, ಅಧೀನ ಶಾಸನ ಎಲ್ಲ ಓದಿದ್ದೇನೆ. ಸಮಸ್ಯೆ ಕೊಟ್ಟರೆ ಮಾತ್ರ ತಡವರಿಸುತ್ತೇನೆ. ಇದನ್ನು ನೋಡಿ: ಜನವರಿ 10ಕ್ಕೆ ಆಮದು ಸರಕು ಜಪ್ತಿ. ಜುಲೈ 25ಕ್ಕೆ ಕಸ್ಟಮ್ಸ್ ಕಾಯ್ದೆ 124ನೇ ಕಲಂ ಪ್ರಕಾರ ಷೋಕಾಸ್ ನೋಟಿಸ್ (ಮುಟ್ಟುಗೋಲು, ದಂಡ ಏಕೆ ಹಾಕಬಾರದು ಎಂದು ಕಾರಣ ಕೇಳುವ ನೋಟಿಸ್). ಅಹವಾಲು ಕೇಳಿದ ಜಂಟಿ ಆಯುಕ್ತರು ವರ್ಗವಾದರು. ಅವರ ಜಾಗಕ್ಕೆ ಬಂದವರು ಮತ್ತೆ ಕೇಳದೆ ಮುಟ್ಟುಗೋಲು ಮತ್ತು ದಂಡದ ಆದೇಶ ಬರೆದರು. ಆದೇಶದ ತಾರೀಖು ಮರುವರ್ಷ ಮಾರ್ಚ್ 3, ಆಮದುದಾರನ ಕೈಸೇರಿದ್ದು ಏಪ್ರಿಲ್ 2. "ಸಹಜ ನ್ಯಾಯ ಉಲ್ಲಂಘನೆ, ಆದ್ದರಿಂದ ಹೈಕೋರ್ಟಿನಲ್ಲಿ ರಿಟ್" ಎಂದು ಬರೆದರೆ ಸಾಲದೇ?

ಉತ್ತರ (ಪರೋಕ್ಷ ತೆರಿಗೆ ವಕೀಲರು):
ಸಾಲದು. ತೀರ್ಮಾನ ಬರೆದಿದ್ದೀರಿ, ದಾರಿ ಬರೆದಿಲ್ಲ. ಕಸ್ಟಮ್ಸ್ ಸಮಸ್ಯೆ ಬಂದಾಗ ಮೊದಲು ತಾರೀಖುಗಳನ್ನೆಲ್ಲ ಒಂದರ ಕೆಳಗೊಂದು ಬರೆದುಕೊಳ್ಳಿ. ಪ್ರತಿ ತಾರೀಖಿನ ಪಕ್ಕದಲ್ಲಿ ಕಲಂ, ಅದರ ಪಕ್ಕದಲ್ಲಿ ಆ ಕೆಲಸ ಮಾಡಿದ ಅಧಿಕಾರಿಯ ದರ್ಜೆ. ಅರ್ಧ ಉತ್ತರ ಆ ಪಟ್ಟಿಯಲ್ಲೇ ಸಿಗುತ್ತದೆ.

ನಿಮ್ಮ ಲೆಕ್ಕದಲ್ಲಿ ಮೊದಲ ಎಡವಟ್ಟು ಜನವರಿ 10 ಮತ್ತು ಜುಲೈ 25ರ ನಡುವೆ ಇದೆ. 110(2) ಪ್ರಕಾರ ಜಪ್ತಿಯಾದ ಆರು ತಿಂಗಳೊಳಗೆ 124ರ ನೋಟಿಸ್ ಕೊಡಬೇಕು. ಇಲ್ಲದಿದ್ದರೆ ಸರಕನ್ನು ಯಾರ ಸ್ವಾಧೀನದಿಂದ ತೆಗೆದುಕೊಂಡರೋ ಅವರಿಗೆ ಹಿಂತಿರುಗಿಸಬೇಕು. ಇನ್ನೊಂದು ಆರು ತಿಂಗಳವರೆಗೆ ವಿಸ್ತರಿಸಬಹುದು, ಆದರೆ ಪ್ರಧಾನ ಆಯುಕ್ತರು ಇಲ್ಲವೇ ಆಯುಕ್ತರೇ ಲಿಖಿತ ಕಾರಣ ದಾಖಲಿಸಿ, ಮೊದಲ ಅವಧಿ ಮುಗಿಯುವ ಮುನ್ನ ಆ ವ್ಯಕ್ತಿಗೆ ತಿಳಿಸಬೇಕು. 110ಎ ಅಡಿ ತಾತ್ಕಾಲಿಕ ಬಿಡುಗಡೆಯ ಆದೇಶ ಆಗಿದ್ದರೆ ಈ ಗಡುವು ಅನ್ವಯಿಸದು. 2018ರ ತಿದ್ದುಪಡಿಯ ಆ ಪರಂತುಕವನ್ನು (ಕಲಮಿಗೆ ಸೇರಿಸಿದ ವಿನಾಯಿತಿಯ ಸಾಲು) ಬಹಳಷ್ಟು ವಿದ್ಯಾರ್ಥಿಗಳು ಓದುವುದೇ ಇಲ್ಲ. ನಿಮ್ಮ ಸಮಸ್ಯೆಯಲ್ಲಿ ವಿಸ್ತರಣೆಯ ಸುದ್ದಿಯೂ ಇಲ್ಲ, ಬಿಡುಗಡೆಯ ಸುದ್ದಿಯೂ ಇಲ್ಲ.

ಹಾಗಾದರೆ ನೋಟಿಸೇ ಬಿದ್ದುಹೋಯಿತೇ? ಇಲ್ಲ. ಎಲ್ಲರೂ ಜಾರುವ ಜಾಗ ಇದೇ. ಜಪ್ತಿ (ಸರಕನ್ನು ಸದ್ಯಕ್ಕೆ ವಶಕ್ಕೆ ತೆಗೆದುಕೊಳ್ಳುವುದು) ಬೇರೆ, ಮುಟ್ಟುಗೋಲು (ಸರಕು ಸರ್ಕಾರದ ಪಾಲಾಗುವುದು) ಬೇರೆ. ಗಡುವು ಮೀರಿದರೆ ಸರಕನ್ನು ಇಟ್ಟುಕೊಳ್ಳುವ ಹಕ್ಕು ಹೋಗುತ್ತದೆ, ಅಷ್ಟೇ. 124ರಲ್ಲಿ ಆರು ತಿಂಗಳ ಮಾತಿಲ್ಲ. ಮುಟ್ಟುಗೋಲಿನ ಪ್ರಕ್ರಿಯೆ ಮುಂದುವರಿಯಬಹುದು. "ನೋಟಿಸ್ ಅಸಿಂಧು" ಎಂದು ಬರೆದಿರೋ, ಕಾಯ್ದೆ ಓದಿಲ್ಲ ಎಂದು ಪರೀಕ್ಷಕರಿಗೆ ತಿಳಿಯುತ್ತದೆ.

ಇನ್ನು ಅಧಿಕಾರಿ ಬದಲಾದ ವಿಚಾರ. ಇಲ್ಲಿ ನಿಮ್ಮ ವಾದ ಗಟ್ಟಿ. ಕೇಳಿದವರು ಒಬ್ಬರು, ತೀರ್ಪು ಕೊಟ್ಟವರು ಇನ್ನೊಬ್ಬರು ಆದರೆ ವೈಯಕ್ತಿಕ ವಿಚಾರಣೆ ಬರೀ ಶಾಸ್ತ್ರ ಆಗುತ್ತದೆ ಎಂಬ ತತ್ವ ಗುಲ್ಲಪಲ್ಲಿ ನಾಗೇಶ್ವರ ರಾವ್ ಪ್ರಕರಣದ್ದು (1959). ಜೊತೆಗೆ 124(ಸಿ) ಮತ್ತು 122ಎ ಹಾಕಿ. ಕಾಯ್ದೆಯಲ್ಲೇ ವಿಚಾರಣೆಯ ಹಕ್ಕು ಬರೆದಿರುವಾಗ ಬರೀ "ಆಡಿ ಆಲ್ಟರಂ ಪಾರ್ಟೆಂ" (ಇನ್ನೊಂದು ಪಕ್ಷದ ಮಾತನ್ನೂ ಕೇಳು) ಎಂದರೆ ಉತ್ತರ ತೆಳುವಾಗುತ್ತದೆ. 122ಎ ಪ್ರಕಾರ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಇಲ್ಲ ಅನ್ನುವುದೂ ನೆನಪಿರಲಿ.

ಮರುಪ್ರಶ್ನೆ:
ಹಾಗಿದ್ದರೆ ರಿಟ್ ಸರಿಯೇ ಅಲ್ಲವೇ ಸರ್? ಸಹಜ ನ್ಯಾಯ ಮುರಿದಾಗ ಪರ್ಯಾಯ ಪರಿಹಾರ (ಮೇಲ್ಮನವಿಯಂಥ ಬೇರೆ ದಾರಿ) ರಿಟ್‌ಗೆ ಅಡ್ಡಿಯಾಗದು ಎಂದು ಸುಪ್ರೀಂ ಕೋರ್ಟಿನ ವರ್ಲ್‌ಪೂಲ್ ತೀರ್ಪು (1998) ಹೇಳುತ್ತದಲ್ಲ.

ಉತ್ತರ (ಅದೇ ವಕೀಲರು):
ಹೇಳುತ್ತದೆ. ಆದರೆ ರಿಟ್ ಕೈಗೆತ್ತಿಕೊಳ್ಳುವುದು ಬಿಡುವುದು ಕೋರ್ಟಿನ ವಿವೇಚನೆ, ಅಷ್ಟರಲ್ಲಿ ಮೇಲ್ಮನವಿಯ ಗಡಿಯಾರ ಓಡುತ್ತಲೇ ಇರುತ್ತದೆ. ಆದೇಶ ಜಂಟಿ ಆಯುಕ್ತರ ದರ್ಜೆಯದು, ಹಾಗಾಗಿ 128ರಡಿ ಆಯುಕ್ತರು (ಮೇಲ್ಮನವಿ) ಮುಂದೆ ಹೋಗಬೇಕು. ಆಯುಕ್ತರೇ ಆದೇಶಿಸಿದ್ದರೆ ನೇರ ಮೇಲ್ಮನವಿ ನ್ಯಾಯಾಧಿಕರಣಕ್ಕೆ, ಕಲಂ 129ಎ, ಗಡುವು ಮೂರು ತಿಂಗಳು.

128ರಲ್ಲಿ 60 ದಿನ, ಎಣಿಕೆ ಆದೇಶ ಕೈಸೇರಿದ ದಿನದಿಂದ. ಮಾರ್ಚ್ 3 ಮರೆತುಬಿಡಿ. ಏಪ್ರಿಲ್ 2 ಬಿಟ್ಟು ಎಣಿಸಿದರೆ ಏಪ್ರಿಲಲ್ಲಿ 28, ಮೇ 31, ಒಟ್ಟು 59. ಜೂನ್ 1 ಕೊನೇ ದಿನ. ಸಾಕಷ್ಟು ಕಾರಣ ತೋರಿಸಿದರೆ ಇನ್ನು 30 ದಿನ, ಅಂದರೆ ಜುಲೈ 1. ಅದಾದ ಮೇಲೆ ವಿಳಂಬ ಮನ್ನಿಸುವ ಅಧಿಕಾರ ಆಯುಕ್ತರಿಗೇ ಇಲ್ಲ. ಕೇಂದ್ರ ಅಬಕಾರಿ ಕಾಯ್ದೆಯ ಇಂಥದೇ ಕಲಂ ಬಗ್ಗೆ ಸಿಂಗ್ ಎಂಟರ್‌ಪ್ರೈಸಸ್ (2008) ಇದನ್ನು ಖಚಿತಪಡಿಸಿದೆ. ಆ ಅವಧಿಯನ್ನೂ ಕಳೆದುಕೊಂಡು ರಿಟ್‌ಗೆ ಬಂದವರನ್ನು ಹೈಕೋರ್ಟ್ ಒಳಗೆ ಬಿಟ್ಟುಕೊಳ್ಳಬಾರದು ಅಂತ ಗ್ಲ್ಯಾಕ್ಸೋ ಸ್ಮಿತ್‌ಕ್ಲೈನ್ (2020). ಆದ್ದರಿಂದ "ರಿಟ್ ಸಾಧ್ಯ, ಆದರೆ ಜೂನ್ 1ರೊಳಗೆ ಮೇಲ್ಮನವಿ ಸಲ್ಲಿಸುವುದು ಜಾಣತನ" ಅಂತ ಬರೆಯಿರಿ.

ಮುಂಗಡ ಠೇವಣಿಯ ಸಾಲು ಬಿಡಬೇಡಿ: 129ಇ, ಮೊದಲ ಹಂತದಲ್ಲಿ ಶೇ. 7.5. ಸುಂಕ 20 ಲಕ್ಷ ವಿವಾದದಲ್ಲಿದ್ದರೆ ಒಂದೂವರೆ ಲಕ್ಷ. ಸುಂಕದ ಜೊತೆ ದಂಡ ಇದ್ದರೂ ಲೆಕ್ಕ ಸುಂಕದ ಮೇಲೆಯೇ. ದಂಡ ಮಾತ್ರ ಇದ್ದರೆ ದಂಡದ ಮೇಲೆ. ಠೇವಣಿ ಕಟ್ಟದೆ ಮೇಲ್ಮನವಿ ಸ್ವೀಕಾರವೇ ಆಗದು.

ಇನ್ನೊಬ್ಬರು (ನಿವೃತ್ತ ಅಧೀಕ್ಷಕರು):
ವಕೀಲರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಸುಂಕ ವಸೂಲಿಯ 28ನೇ ಕಲಮಿನ ಗಡುವನ್ನು 124ರ ಜೊತೆ ಕಲಸಬೇಡಿ. 28ರಲ್ಲಿ ಸಾಮಾನ್ಯವಾಗಿ ಎರಡು ವರ್ಷ. ಕೂಡಿಕೊಂಡು ಮಾಡಿದ ಮೋಸ, ಬೇಕೆಂದೇ ಕೊಟ್ಟ ತಪ್ಪು ಮಾಹಿತಿ, ಮುಚ್ಚಿಟ್ಟ ಸಂಗತಿ ಇದ್ದರೆ ಐದು. ಎರಡು ವರ್ಷದ ನೋಟಿಸಿಗೆ ಮುನ್ನ ಸಮಾಲೋಚನೆ ನಡೆಸಬೇಕು, ಐದು ವರ್ಷದ್ದಕ್ಕೆ ಆ ಷರತ್ತಿಲ್ಲ. ಕಚೇರಿಯಿಂದ ಹೋಗುವ ನೋಟಿಸ್ ಹೆಚ್ಚಾಗಿ ಸೋಲುವುದು ಐದು ವರ್ಷದ್ದರಲ್ಲೇ: "ಮುಚ್ಚಿಟ್ಟರು" ಎಂಬ ಪದ ಇರುತ್ತದೆ, ಏನನ್ನು ಮುಚ್ಚಿಟ್ಟರು ಎಂಬ ಸಾಲು ಇರುವುದಿಲ್ಲ. ಬಿಲ್ ಆಫ್ ಎಂಟ್ರಿಯಲ್ಲೇ (ಆಮದುದಾರ ಸಲ್ಲಿಸುವ ಸರಕಿನ ಘೋಷಣಾ ಪತ್ರ) ವಿವರ ಕೊಟ್ಟಿದ್ದರೆ ಅದನ್ನು ಬಚ್ಚಿಟ್ಟಿದ್ದು ಅನ್ನೋದು ಕಷ್ಟ.

ಆದೇಶದಲ್ಲಿ ಕಾರಣ ಇಲ್ಲದ್ದನ್ನು ಆಮೇಲೆ ಕೋರ್ಟಿನ ಅಫಿಡವಿಟ್ಟಿನಲ್ಲಿ ತುಂಬಿಸಲು ಬರುವುದಿಲ್ಲ. ಮೊಹಿಂದರ್ ಸಿಂಗ್ ಗಿಲ್ (1978) ನೋಡಿ.

ಮರುಪ್ರಶ್ನೆ:
ಥ್ಯಾಂಕ್ಸ್ ಸರ್. ಕೊನೆಯದೊಂದು. ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ಸುತ್ತೋಲೆ ಇದ್ದರೆ ಅಧಿಕಾರಿಗೆ ಬೇರೆ ದಾರಿ ಇದೆಯೇ?

ಉತ್ತರ (ನಿವೃತ್ತ ಅಧೀಕ್ಷಕರು):
151ಎ ತೆಗೆದು ಪರಂತುಕ ಓದಮ್ಮ. ಅಧಿಕಾರಿಗಳು ಸುತ್ತೋಲೆ ಪಾಲಿಸಬೇಕು. ಆದರೆ ಇಂಥ ಸರಕಿಗೆ ಇಂತಿಷ್ಟೇ ಸುಂಕ ನಿಗದಿ ಮಾಡು ಎಂದು ಮಂಡಳಿ ಒಬ್ಬ ಅಧಿಕಾರಿಗೆ ಅಪ್ಪಣೆ ಕೊಡುವಂತಿಲ್ಲ, ಆಯುಕ್ತರ (ಮೇಲ್ಮನವಿ) ವಿವೇಚನೆಯಲ್ಲಿ ಕೈಹಾಕುವಂತಿಲ್ಲ. ಕಾಯ್ದೆಗೆ ವಿರುದ್ಧವಾದ ಸುತ್ತೋಲೆಗೆ ಬೆಲೆಯಿಲ್ಲ ಎಂಬುದಕ್ಕೆ ರತನ್ ಮೆಲ್ಟಿಂಗ್ (2008) ಸಾಕು. ವಿವೇಚನೆಯ ಪಾಠಕ್ಕೆ 125 ಕೂಡ ನೋಡಿ: ನಿಷೇಧಿತವಲ್ಲದ ಸರಕಿಗೆ ಬಿಡುಗಡೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಆಯ್ಕೆ ಕೊಡಲೇಬೇಕು, ನಿಷೇಧಿತದ್ದಕ್ಕೆ ಕೊಡಬಹುದು. ನಿಮ್ಮ ಸಮಸ್ಯೆಯ ಸರಕು ಯಾವ ಬಗೆಯದೆಂದು ಪ್ರಶ್ನೆಯಲ್ಲಿ ಹೇಳಿಲ್ಲ. ಎರಡೂ ಸಾಧ್ಯತೆ ಬರೆಯಿರಿ.