ಅಪ್‌ಡೇಟ್: ಐಎಸ್‌ಓ ಇಮೇಜಿನಲ್ಲಿ ಪರ್ಮಿಷನ್, ಸಿಮ್‌ಲಿಂಕ್ ಹೋಗುತ್ತಿದ್ದ ಸಮಸ್ಯೆ ಬಗೆಹರಿಯಿತು

ಲಿನಕ್ಸ್ ಫೋಲ್ಡರನ್ನು ಐಎಸ್‌ಓ ಇಮೇಜ್ (ಇಡೀ ಡಿಸ್ಕನ್ನು ಒಂದೇ ಫೈಲಿನಲ್ಲಿ ಹಿಡಿದಿಡುವ ರೂಪ) ಮಾಡಿ ಡಿವಿಡಿಗೆ ಬರೆದರೆ ಫೈಲಿನ ಓನರ್, ಪರ್ಮಿಷನ್ (ಯಾರು ಓದಬಹುದು, ಬರೆಯಬಹುದು ಅನ್ನೋದು), ಸಿಮ್‌ಲಿಂಕ್ (ಇನ್ನೊಂದು ಫೈಲಿನತ್ತ ಬೊಟ್ಟು ಮಾಡುವ ಕೊಂಡಿ) ಯಾವುದೂ ಉಳಿಯುತ್ತಿಲ್ಲ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಡಿಸ್ಕಿನ ಮೂಲ ಫಾರ್ಮ್ಯಾಟ್ ಐಎಸ್‌ಓ 9660; ಅದರ ವಿಸ್ತರಣೆಯಾದ ಜೋಲಿಯೆಟ್ ಬಳಸಿ ಅನ್ನೋ ಸಲಹೆ ಕೆಲಸಕ್ಕೆ ಬರಲಿಲ್ಲ. ಅದು 64 ಅಕ್ಷರದವರೆಗಿನ ಯುನಿಕೋಡ್ ಹೆಸರು ಕೊಡುತ್ತದೆ, ಅಷ್ಟೇ. ಪರ್ಮಿಷನ್ನಿಗೆ ಅದರಲ್ಲಿ ಜಾಗವೇ ಇಲ್ಲ. ಕೆಲಸ ಮಾಡಿದ್ದು ರಾಕ್ ರಿಡ್ಜ್ ಅನ್ನೋ ಇನ್ನೊಂದು ವಿಸ್ತರಣೆ, ಅದೂ ಇಮೇಜ್ ತಯಾರಿಸುವ ಜೆನ್‌ಐಎಸ್‌ಓಇಮೇಜ್ ಕಮಾಂಡಿಗೆ ದೊಡ್ಡಕ್ಷರದ ‘ಆರ್’ ಆಯ್ಕೆ ಕೊಟ್ಟಾಗ. ಚಿಕ್ಕಕ್ಷರದ್ದೂ ರಾಕ್ ರಿಡ್ಜೇ, ಆದರೆ ಯುಐಡಿ, ಜಿಐಡಿ (ಓನರ್ ಮತ್ತು ಗುಂಪಿನ ಸಂಖ್ಯೆಗಳು) ಎರಡನ್ನೂ 0 ಮಾಡಿ ರೈಟ್ ಬಿಟ್‌ಗಳನ್ನು, ಅಂದರೆ ಬರೆಯುವ ಪರ್ಮಿಷನ್ನನ್ನು, ಅಳಿಸಿಬಿಡುತ್ತದೆ. ಹಂಚುವ ಡಿಸ್ಕಿಗೆ ಅದು ಸರಿ, ಬ್ಯಾಕಪ್ಪಿಗೆ ಬೇಡ.

ಇಮೇಜನ್ನು ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟ್‌ಗಳನ್ನು ನೇರ ತೋರಿಸುವ ಪ್ರೋಗ್ರಾಂ) ನೋಡಿದರೆ ಮಜಾ ಇದೆ. ಡೈರೆಕ್ಟರಿ ರೆಕಾರ್ಡಿನಲ್ಲಿ (ಪ್ರತಿ ಫೈಲಿನ ವಿವರದ ನಮೂದು) ಮೂಲ 9660 ಹೆಸರು ಮುಗಿದ ಮೇಲೆ ರಾಕ್ ರಿಡ್ಜಿನ ಎರಡಕ್ಷರದ ಗುರುತುಗಳು ಸಾಲಾಗಿ ಬರುತ್ತವೆ: ‘ಪಿಎಕ್ಸ್’ನಲ್ಲಿ ಪರ್ಮಿಷನ್, ‘ಎನ್‌ಎಂ’ನಲ್ಲಿ ಉದ್ದ ಹೆಸರು, ‘ಎಸ್‌ಎಲ್’ನಲ್ಲಿ ಲಿಂಕಿನ ಗುರಿ. ರೆಕಾರ್ಡಿನ ಉದ್ದಕ್ಕೆ ಇರುವುದು ಒಂದೇ ಬೈಟ್, ಹಾಗಾಗಿ 255 ಬೈಟ್ ದಾಟುವಂತಿಲ್ಲ. ಅಷ್ಟು ಜಾಗದಲ್ಲಿ ಹಿಡಿಸದ ಮಾಹಿತಿ ಡಿಸ್ಕಿನಲ್ಲಿ ಬೇರೆ ಕಡೆ ಕೂರುತ್ತದೆ, ಅಲ್ಲಿಗೆ ದಾರಿ ತೋರಿಸೋದು ‘ಸಿಇ’. ಇದೆಲ್ಲ ಗೊತ್ತಿಲ್ಲದ ರೀಡರ್ ಸುಮ್ಮನೆ ಹಾರಿಸಿಕೊಂಡು ಮೂಲ 9660 ಹೆಸರನ್ನೇ ತೋರಿಸುತ್ತದೆ.

ಎಸಿಎಲ್ (ಒಬ್ಬೊಬ್ಬರಿಗೆ ಬೇರೆ ಬೇರೆ ಕೊಡುವ ಪರ್ಮಿಷನ್), ಎಕ್ಸ್‌ಆಟರ್ (ಫೈಲಿಗೆ ಅಂಟಿಸುವ ಹೆಚ್ಚಿನ ಮಾಹಿತಿ) ಕೂಡ ಬೇಕಿದ್ದವರು ಇಮೇಜ್ ತಯಾರಿಸುವ ಇನ್ನೊಂದು ಪ್ರೋಗ್ರಾಂ ಕ್ಸೊರಿಸೊದಲ್ಲಿ ‘ಫಾರ್_ಬ್ಯಾಕಪ್’ ಆಯ್ಕೆಯನ್ನು ಫೈಲ್ ಸೇರಿಸುವ ಮೊದಲೇ ಕೊಡಿ. ಮೌಂಟ್ ಮಾಡಿದಾಗ ಅವು ಕಾಣಲಿಲ್ಲ ಅಂತ ಗಾಬರಿಯಾಗಬೇಡಿ, ಲಿನಕ್ಸ್ ಕರ್ನಲ್ ಅವನ್ನು ಓದುವುದಿಲ್ಲ. ಡಿಸ್ಕಿನಿಂದ ಫೈಲ್ ವಾಪಸ್ ತೆಗೆಯುವಾಗಲೂ ಕ್ಸೊರಿಸೊವನ್ನೇ ಬಳಸಿ, ಅದೇ ಆಯ್ಕೆ ಕೊಡಿ.