ಅಪ್‌ಡೇಟ್: ಮಗಳು ಹೋದ್ಮೇಲೆ ಚಿಯಾಂಗ್ ಮಾಯ್ ಬಿಡ್ಬೇಕಾ ಅಂತ ಕೇಳಿದ್ದೆನಲ್ಲ

ಜೂನ್‌ನಲ್ಲಿ ಕೇಳಿದ್ದೆ, 4 ವರ್ಷದ ಮಗಳು ಜ್ವರದಲ್ಲಿ ಹೋದ್ಲು, ಇನ್ನು ಥಾಯ್ಲೆಂಡಲ್ಲೇ ಇರೋದಾ ಇಲ್ಲ ಮಂಗಳೂರಿಗೆ ವಾಪಸ್ ಬರೋದಾ ಅಂತ. ತುಂಬಾ ಜನ ಬನ್ನಿ ಅಂದ್ರಿ, ಥ್ಯಾಂಕ್ಸ್, ಆದ್ರೆ ಸದ್ಯಕ್ಕೆ ಹೊರಡ್ತಿಲ್ಲ, ಅವಳ ಸಮಾಧಿ ಇಲ್ಲೇ ಇದೆಯಲ್ಲ. ಇಲ್ಲಿ ಹೆಚ್ಚಿನವ್ರು ಬೌದ್ಧರು, ಸುಡೋದೇ ರೂಢಿ, ಹೂಳೋಕೆ ಜಾಗ ಹುಡುಕೋದ್ರಲ್ಲೇ ಆಗ ಅರ್ಧ ಸತ್ತೋಗಿದ್ವಿ.

ನವೆಂಬರ್ 2ಕ್ಕೆ, ನಮ್ಮ ಕ್ರಿಶ್ಚಿಯನ್ಸ್ ಸತ್ತವರನ್ನ ನೆನೆಯೋ ದಿನ, ಊರಲ್ಲಾದ್ರೆ ಸ್ಮಶಾನ ತುಂಬ ಹೂವು, ಕ್ಯಾಂಡಲ್ಲು, ನೆಂಟರು. ಇಲ್ಲಿ ನಾನು, ಗಂಡ, ಮಗ ಅಷ್ಟೇ. ಆಮೇಲೆ ಹುಣ್ಣಿಮೆಗೆ ಲೋಯ್ ಕ್ರಥೋಂಗ್ ಬಂತು, ನೀರಲ್ಲಿ ದೀಪ ತೇಲಿಬಿಡೋ ಇಲ್ಲಿನ ಹಬ್ಬ, ಪಕ್ಕದ್ಮನೆ ಆಂಟಿ ಬಾಳೆದಿಂಡು ಎಲೆ ಎಲ್ಲ ಸೇರಿಸಿ ಪುಟ್ಟ ದೋಣಿ ಥರ ಮಾಡ್ಕೊಂಡು ಬಂದು ಪಾಪುಗೆ ಅಂದ್ರು. ಅದು ನೀರಿನ ತಾಯಿಗೆ ಬಿಡೋದು, ಖೊಂಗ್‌ಖಾ ಅಂತಾರೆ, ನಮ್ಮ ಗಂಗೆನೇ, ಕ್ರಿಶ್ಚಿಯನ್ಸ್ ಬಿಡ್ಬೋದಾ ಅಂತ ಇವ್ರು ಸ್ವಲ್ಪ ಗೊಣಗಿದ್ರು, ಆದ್ರೆ ಪಿಂಗ್ ನದಿ ಹತ್ರ ಹೋದಾಗ ಮೇಣದಬತ್ತಿ ಹಚ್ಚಿದ್ದು ಇವ್ರೇ.

ಮಾರ್ಕೆಟ್‌ನಲ್ಲಿ ಎಷ್ಟು ಮಕ್ಕಳು ಅಂತ ಈಗ್ಲೂ ಕೇಳ್ತಾರೆ. ಮೊದ್ಲು ಅತ್ತು ಓಡ್ತಿದ್ದೆ. ಈಗ ಸೋಂಗ್ ಅಂತೀನಿ, ಎರಡು.