ಕೀ ಕಾಕರ್ ದ್ವೀಪಕ್ಕೆ ಅತ್ತೆ, ಮಗನ ಜೊತೆ ಹೋಗಬಹುದಾ? ಹೋಗಿ ಬಂದವರು ಹೇಳಿ

ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ಮಾರ್ಚ್ ರಜೆಗೆ ಆರು ದಿನ ಬೆಲೀಜ್ ದೇಶದ ಕೀ ಕಾಕರ್‌ಗೆ ಹೋಗೋಣ ಅಂತಿದ್ದೇವೆ. ಅತ್ತೆಗೆ ಮಂಡಿನೋವು, ಮೊಟ್ಟೆಯೂ ತಿನ್ನಲ್ಲ. ಒಂಬತ್ತು ವರ್ಷದ ಮಗನಿಗೆ ಈಜು ಅಷ್ಟಕ್ಕಷ್ಟೆ. ಪೂರ್ತಿ ದ್ವೀಪದಲ್ಲೇ ಇರೋದಾ, ಬೆಲೀಜ್‌ನ ಮುಖ್ಯ ಭೂಭಾಗಕ್ಕೂ ಎರಡು ದಿನ ಇಡೋದಾ?

———

ಧೈರ್ಯವಾಗಿ ಹೋಗಿ ಅಕ್ಕ. ನಾವು ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ಬೆಲೀಜ್ ಸಿಟಿಯಿಂದ ದೋಣಿಯಲ್ಲಿ ಸುಮಾರು ಮುಕ್ಕಾಲು ಗಂಟೆ. ಅತ್ತೆಯನ್ನು ಹಿಂದಿನ ಸೀಟಲ್ಲೇ ಕೂರಿಸಿ, ಮುಂದೆ ಕೂತರೆ ಎತ್ತಿ ಎತ್ತಿ ಹಾಕುತ್ತದೆ. ಊರಲ್ಲಿ ಓಡಾಡೋದು ಗಾಲ್ಫ್ ಕಾರ್ಟು, ಸೈಕಲ್ಲು, ಹಾಗಾಗಿ ಮಂಡಿಗೆ ಕಷ್ಟ ಇಲ್ಲ.

ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ. ಮರವಂತೆಯಂಥ ಅಲೆ, ಉದ್ದದ ಮರಳ ದಂಡೆ ಅಲ್ಲಿ ಇಲ್ಲ. ಒಂದೂವರೆ ಕಿ.ಮೀ. ಆಚೆ ಹವಳದ ದಿಬ್ಬ ಇದೆ, ಅಲೆಗಳೆಲ್ಲ ಅಲ್ಲೇ ಒಡೆದುಹೋಗುತ್ತವೆ, ದಡದಲ್ಲಿ ನಿಂತರೆ ದೂರದಲ್ಲಿ ಒಂದು ಬಿಳಿ ಗೆರೆ ಮಾತ್ರ ಕಾಣುತ್ತದೆ. ಈಚೆ ಕಡೆ ನೀರು ತಣ್ಣಗೆ ನಿಂತಿರುತ್ತದೆ, ಅಡಿಯಲ್ಲೆಲ್ಲ ಹುಲ್ಲು. ಮಾರ್ಚ್ ಹೊತ್ತಿಗೆ ಕಡಲಪಾಚಿ ಬಂದು ಪೂರ್ವದ ದಡದಲ್ಲಿ ಕೊಳೆತು ನಾರುವುದೂ ಉಂಟು. ಬೀಚ್ ಅಂತಲೇ ಹೋದರೆ ಬೇಜಾರಾಗುತ್ತೆ, ಅಲ್ವಾ? ಅಲ್ಲಿನ ಚೆಂದ ಇರೋದು ದಿಬ್ಬದ ಹತ್ತಿರ, ನೀರಿನೊಳಗೆ.

ಹೋಲ್ ಚಾನ್‌ಗೆ ಹೋಗಲೇಬೇಕು. 1987ರಿಂದ ಅದು ರಕ್ಷಿತ ಕಡಲು. ನನ್ನ ಮಗಳಿಗೂ ಈಜು ಬರುತ್ತಿರಲಿಲ್ಲ. ಲೈಫ್ ಜಾಕೆಟ್ ಹಾಕಿ, ಗೈಡ್ ಎಳೆಯೋ ರಿಂಗ್ ಹಿಡಿದು ತೇಲಿದಳು. ಕೆಳಗೆ ಆಮೆಯೊಂದು ನಮ್ಮೂರ ದನದ ಹಾಗೆ ಹುಲ್ಲು ಕಚ್ಚಿ ಕಚ್ಚಿ ಮೇಯುತ್ತಿತ್ತು. ಉದ್ದ ತೋಳಿನ ಅಂಗಿ ಹಾಕಿಸಿ, ಬೆನ್ನು ಸುಟ್ಟುಹೋಗುತ್ತೆ.

ಅತ್ತೆಗೆ ಪಡುವಣ ದಡ ಸಾಕು. ಸಂಜೆ ಸ್ಟಿಂಗ್‌ರೇ, ನಮ್ಮ ಕರಾವಳಿಯಲ್ಲಿ ತೊರಕೆ ಅಂತಾರಲ್ಲ ಅದು, ಪಾದ ಮುಳುಗುವಷ್ಟು ನೀರಿಗೇ ಬರುತ್ತದೆ. ಅಮ್ಮ ಸೀರೆ ಎತ್ತಿ ಕಟ್ಟಿ ಅರ್ಧ ಗಂಟೆ ಅಲುಗದೆ ನಿಂತಿದ್ದರು.

———

ಮೇಲಿನವರು ಹೇಳಿದ್ದು ಸರಿ. ‘ಸ್ಪ್ಲಿಟ್’ ಬಗ್ಗೆ ಹುಷಾರು. 1961ರ ಹ್ಯಾಟಿ ಚಂಡಮಾರುತದಲ್ಲಿ ದ್ವೀಪ ಎರಡಾದ ಜಾಗ ಅದು. ಎಲ್ಲರೂ ಅಲ್ಲೇ ನೀರಿಗಿಳಿಯುತ್ತಾರೆ, ಆದರೆ ನಡುವೆ ಸೆಳೆತ ಜಾಸ್ತಿ, ದೋಣಿಗಳೂ ಓಡಾಡುತ್ತವೆ. ನನ್ನ ಗಂಡ ಚೆನ್ನಾಗಿ ಈಜುತ್ತಾರೆ, ಅವರನ್ನೇ ಎಳೆದುಕೊಂಡು ಹೋಗಿ ಇನ್ನೊಬ್ಬರು ಕೈ ಕೊಟ್ಟು ಹತ್ತಿಸಬೇಕಾಯ್ತು. ಮಗನನ್ನು ಅಂಚಿನಲ್ಲೇ ಇಟ್ಟುಕೊಳ್ಳಿ.

ಊಟ: ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ-ಬೀನ್ಸ್ ಎಲ್ಲ ಕಡೆ ಸಿಗುತ್ತೆ, ಆದರೆ ಅದಕ್ಕೆ ಹಂದಿಬಾಲ ಹಾಕುವ ಪದ್ಧತಿ ಇದೆ. ಪ್ರತಿ ಸಲ ಕೇಳಿ. ಅಲ್ಲಿ ಇಂಗ್ಲಿಷ್ ನಡೆಯುತ್ತೆ, ತೊಂದರೆ ಇಲ್ಲ. ಬೆಳಿಗ್ಗೆಗೆ ಫ್ರೈ ಜ್ಯಾಕ್, ಪೂರಿಯ ಹಾಗೆ ಉಬ್ಬಿರುತ್ತೆ, ಮುರಿದರೆ ಬಿಸಿ ಹಬೆ. ಒಂದು ಬಾಟಲಿ ಉಪ್ಪಿನಕಾಯಿ ಇಟ್ಟುಕೊಳ್ಳಿ.

———

ಬ್ಲೂ ಹೋಲ್ ಅಂತ ಕಡಲ ನಡುವೆ ಆಳವಾದ ದುಂಡು ಗುಂಡಿ ಇದೆ, ಅಲ್ಲಿಗೆ ಬೋಟಲ್ಲಿ ಹೋಗಬೇಡಿ. ಸುಮಾರು 300 ಮೀಟರ್ ಅಗಲದ ಆ ನೀಲಿ ವೃತ್ತ ಕಾಣೋದು ವಿಮಾನದಿಂದ. ಬೋಟಲ್ಲಿ ಗಂಟೆಗಟ್ಟಲೆ ಸುಮ್ನೆ ಕುಲುಕಾಟ.

ಆ ದಿನವನ್ನು ಮುಖ್ಯ ಭೂಭಾಗಕ್ಕೆ ಕೊಡಿ. ನಾಲ್ಕು ದಿನ ದ್ವೀಪ, ಎರಡು ದಿನ ಹಾಪ್ಕಿನ್ಸ್. ಅದು ಆಫ್ರಿಕನ್-ಕೆರಿಬಿಯನ್ ಮೂಲದ ಗರಿಫುನಾ ಜನರ ಊರು. ಇವರ ಹಿರಿಯರನ್ನು ಬ್ರಿಟಿಷರು 1797ರಲ್ಲಿ ಸೇಂಟ್ ವಿನ್ಸೆಂಟ್ ದ್ವೀಪದಿಂದ ಓಡಿಸಿದ್ದರು. ಅಲ್ಲಿ ಮರಳ ದಂಡೆಯೂ ಇದೆ, ಸಂಜೆ ಡೋಲಿನ ಪಾಠವೂ ಹೇಳಿಕೊಡುತ್ತಾರೆ, ಹುಡುಗನಿಗೆ ಖುಷಿಯಾಗುತ್ತೆ.

ಬೆಲೆ ಕೇಳುವಾಗ ಯಾವ ಡಾಲರ್ ಅಂತ ಕೇಳಿ. ಎರಡು ಬೆಲೀಜ್ ಡಾಲರ್ ಅಂದರೆ ಒಂದು ಅಮೆರಿಕನ್ ಡಾಲರ್.